ಕಾಟಾದ ಹುಲಿ

ಮೂಡಲಗಿಯ ನಮ್ಮ ಕಾಕಾ ಕಬ್ಬಿನ ಕಾಟಾದ ಮುಂದೆ ಹುಲಿ. ತುಂಬಿದ ಟ್ರ್ಯಾಕ್ಟರ್ ಎಷ್ಟು, ಕಬ್ಬು ಇಳಿಸಿ ಬಂದಮೇಲೆ ಎಷ್ಟು, ಕಳೆದರೆ ಕಬ್ಬೆಷ್ಟು, ಎಲ್ಲ ಬಾಯಿಲೆಕ್ಕ. ಹತ್ತು ಕಿಲೋ ಹೆಚ್ಚುಕಡಿಮೆಯಾದರೂ ಗೇಟಿನಲ್ಲೇ ಜಗಳ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕೂತವರಲ್ಲಿ ಅವರೂ ಒಬ್ಬರು. ಸರ್ಕಾರ 3,300 ಎಂದಿದ್ದಕ್ಕೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಇಂಥ ಕಾಕಾ ಮನೆಗೆ ಬಂದ ಗ್ಯಾಸ್ ಸಿಲಿಂಡರನ್ನು ಅಳೆಯುವುದು ಬೆರಳಿನಿಂದ. ಟಣ್ ಟಣ್ ಎಂದು ಬಡಿದು, ‘ತುಂಬೇತಿ, ಒಳಗ ತಗೋರಿ’ ಎನ್ನುತ್ತಾರೆ. ಗೋಕಾಕಿನಲ್ಲಿ ಕರದಂಟು ಕೊಳ್ಳುವಾಗ ‘ಡಬ್ಬಿ ಬಿಟ್ಟು ತೂಗ್ರಿ’ ಎಂದು ತಕರಾರು ತೆಗೆಯುವ ನಾನೂ ಸಿಲಿಂಡರ್ ಮುಂದೆ ಪರಮ ಸಾಧು.

ಒಳಗೆ ಗ್ಯಾಸೆಷ್ಟಿದೆ ಎಂದು ತೂಗದೆಯೇ ಹೇಳಲು ಹುಕ್ಕೇರಿಯ ನಮ್ಮ ಮಾಸ್ತರ ಅಳಿಯ ಬಾಯ್ಲನ ನಿಯಮ ಹಿಡಿದು ಹೊರಟ: ಒತ್ತಡ ಗೊತ್ತು, ಗಾತ್ರ ಗೊತ್ತು, ಇನ್ನೇನು ಬೇಕು? ಆದರೆ ಸಿಲಿಂಡರಿನಲ್ಲಿರುವ ಬಹುಪಾಲು ಗ್ಯಾಸು ದ್ರವ. ಮೇಲಿನ ಆವಿ ಒಲೆಗೆ ಹೋದಷ್ಟೂ ಕೆಳಗಿನದು ಕುದಿದು ಆ ಜಾಗ ತುಂಬುತ್ತದೆ. ಹಾಗಾಗಿ ಹವೆ ಒಂದೇ ಥರ ಇದ್ದರೆ 5 ಕಿಲೋದ ಪುಟಾಣಿಗೂ, 14.2 ಕಿಲೋದ ಮನೆಯದಕ್ಕೂ, ಹೋಟೆಲಿನ 19 ಕಿಲೋದ್ದಕ್ಕೂ ಒತ್ತಡ ಒಂದೇ. ಮುಕ್ಕಾಲು ಮುಗಿದರೂ ಅಷ್ಟೇ. ಒಳಗೆ ಸರಕು ತೀರುತ್ತ ಬಂದರೂ ಬಿಗುವು ಕಳೆದುಕೊಳ್ಳದ ಪುಢಾರಿಗಳು ನೆನಪಾದರೆ ನನ್ನ ತಪ್ಪಲ್ಲ.

ಉಳಿದದ್ದು ಕಾಟಾದ ಲೆಕ್ಕವೇ. ಖಾಲಿ ಸಿಲಿಂಡರಿನ ತೂಕ ಅದರ ಕುತ್ತಿಗೆಯ ಪಟ್ಟಿಯ ಮೇಲೇ ಇರುತ್ತದೆ. ಕೇಳಿದರೆ ತೂಗಿ ತೋರಿಸಬೇಕೆಂಬ ನಿಯಮವೂ ಇದೆ. ಮೊನ್ನೆ ಧೈರ್ಯ ಮಾಡಿ ಕೇಳಿದೆ. ಹುಡುಗ ಗಾಡಿಯ ಸೀಟಿನಡಿಯಿಂದ ಧೂಳು ಹಿಡಿದ ತಕ್ಕಡಿ ತೆಗೆದ. ಪಟ್ಟಿಯ ಮೇಲೆ 15.9. ಬರಬೇಕಾದದ್ದು 30.1, ಮುಳ್ಳು ನಿಂತದ್ದು 29.3ಕ್ಕೆ.

‘ಎಂಟುನೂರು ಗ್ರಾಂ ಕಡಿಮಿ ಐತಲ್ಲೋ!’

ಹುಡುಗ ಬಾಯಿ ತೆರೆಯುವ ಮೊದಲೇ ಕಾಕಾ ನನ್ನ ಮೇಲೆ ಹರಿಹಾಯ್ದರು: ‘ಬಿಡೋ ತಮ್ಮಾ, ಗ್ಯಾಸಂದ್ರ ಗಾಳಿ. ಗಾಳೀಗೂ ಕಾಟಾ ಹಾಕ್ತಾರೇನು? ಪಾಪ, ಮ್ಯಾಲ ಹೊತ್ತು ತಂದಾನ, ಐವತ್ತು ರೂಪಾಯಿ ಜಾಸ್ತಿ ಕೊಡು.’

ಕೊಟ್ಟೆ. ಹುಡುಗ ನಿಂತಲ್ಲೇ ಎರಡು ಸಲ ಎಣಿಸಿದ. ‘ಕಾಕಾರ, ಹತ್ತು ರೂಪಾಯಿ ಕಡಿಮಿ ಬಂತ್ರಿ.’