ಗಲ್ಲಾಪೆಟ್ಟಿಗೆ ಬಾಯಿಬಿಟ್ಟಾಗ

ಮದ್ದೂರಿನ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಪಕ್ಕ ಒಂದು ಕಾಫಿ ಮಳಿಗೆ ಇದೆ ಎಂದುಕೊಳ್ಳಿ. ಹೆಸರು ದೊಡ್ಡ ಕಂಪನಿಯದು, ಕಟ್ಟಡ ಬಾಡಿಗೆಯದು, ಕೈ ಸುಟ್ಟುಕೊಳ್ಳುವ ಜವಾಬ್ದಾರಿ ಮಾತ್ರ ಊರಿನವರದು. ಇಂಥದ್ದಕ್ಕೆ ಫ್ರಾಂಚೈಸಿ ಅನ್ನುತ್ತಾರೆ. ಗಾಜಿನ ಬಾಗಿಲ ಮೇಲೆ ‘ರನ್ನಿಂಗ್ ಬಿಸಿನೆಸ್ ಮಾರಾಟಕ್ಕಿದೆ’ ಎಂಬ ಚೀಟಿ ಬಿದ್ದಿದೆ. ಮಂಡ್ಯ ಕಡೆಯ ರೈತರೊಬ್ಬರು ಅಡ್ವಾನ್ಸ್ ಕೊಡಲು ತಯಾರಾಗಿದ್ದಾರೆ. ಮಾಲೀಕರು ಫೋನು ಹಿಡಿದು ಆಚೆ ಹೋದ ಸಮಯ ನೋಡಿ, ಬಿಲ್ಲಿಂಗ್ ಮೆಷಿನ್ನಿನ ಹಿಂದೆ ಮೂಲೆಗುಂಪಾಗಿದ್ದ ಮರದ ಗಲ್ಲಾಪೆಟ್ಟಿಗೆಯನ್ನು ಮಾತಿಗೆಳೆದೆವು.

ಪ್ರಶ್ನೆ: ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?

ಪೆಟ್ಟಿಗೆ: ಲೆಕ್ಕ ಇಟ್ಟಿಲ್ಲ ಸಾ. ಮೊದ್ಲು ಮಿಲ್ಟ್ರಿ ಹೋಟ್ಲು, ಆಮೇಲೆ ಬೇಕರಿ, ಈಗ ಈ ಕಂಪ್ನಿ. ಪ್ರತಿ ಸಲ ಕೈ ಬದಲಾದಾಗ್ಲೂ ಫ್ರಿಜ್ಜು, ಬೆಂಚು, ಪಾತ್ರೆ ಜೊತೆ ಪಟ್ಟೀಲಿ ನನ್ ಹೆಸ್ರೂ ಬರೀತಾರೆ. ಗಿರಾಕಿ ಹೆಸ್ರು ಮಾತ್ರ ಯಾವ ಪಟ್ಟೀಲೂ ಇರಾಕಿಲ್ಲ.

ಪ್ರಶ್ನೆ: ಮಾಲೀಕರು ಯಾಕೆ ಮಾರುತ್ತಿದ್ದಾರೆ? ಮಗ ಆಸ್ಟ್ರೇಲಿಯಾಕ್ಕೆ ಕರೆಯುತ್ತಿದ್ದಾನೆ ಅಂದರು.

ಪೆಟ್ಟಿಗೆ: ಮಗ ಕೆ.ಎಂ. ದೊಡ್ಡೀಲಿ ಓದ್ತಾವ್ನೆ. ಬುಡಿ, ಅದಲ್ಲ ಕಾರಣ. 2023ರ ಮಾರ್ಚ್ 12ನೇ ತಾರೀಕು ಇಲ್ಲೇ ಗೆಜ್ಜಲಗೆರೇಲಿ ಪ್ರಧಾನಿ ಬಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟ್ನೆ ಮಾಡಿದ್ರಲ್ಲ, 118 ಕಿಲೋಮೀಟ್ರು. ನಮ್ ಮಾಲೀಕ್ರೂ ಹೂ ಎರಚೋಕೆ ಹೋಗಿದ್ರು. ಬೆಂಗಳೂರಿಂದ ಹೊರಟ ಕಾರು ಆಮೇಲೆ ಮದ್ದೂರಿಗೆ ಇಳೀದೇನೇ ಮೈಸೂರು ಸೇರ್ತು. ನನ್ ತಲೆ ಮೇಲೆ ‘ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೂಗೋ ಡಬ್ಬಿ ಕುಂತದೆ ನೋಡಿ, ಅದ್ಕೆ ಈಗ ದಿನಪೂರ್ತಿ ಮೌನವ್ರತ.

ಪ್ರಶ್ನೆ: ಹಾಗಾದರೆ ಗಿರಾಕಿಗಳೇ ಇಲ್ಲವೇ?

ಪೆಟ್ಟಿಗೆ: ಅವ್ರೆ ಅವ್ರೆ. ಅದೇ ವರ್ಸ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟ್ರು ದಶಪಥದ ಮೇನ್ ರೋಡಿಗೆ ಹತ್ತಂಗಿಲ್ಲ ಅಂತ ಆಯ್ತಲ್ಲ, ಅವೆಲ್ಲ ನಮ್ ಮುಂದೇನೇ ಓಡಾಡ್ತವೆ. ಮೊನ್ನೆ ಕಬ್ಬಿನ ಟ್ರ್ಯಾಕ್ಟ್ರು ನಿಲ್ಸಿ ಡ್ರೈವರಣ್ಣ ಒಳಗೆ ಬಂದ. ಬೋರ್ಡಲ್ಲಿ ಬೆಲೆ ಓದ್ದ. ತಲೆ ಕೆರಕಂಡ. ‘ಬಾತ್‌ರೂಮ್ ಎಲ್ಲದೆ’ ಅಂದ. ಹೋಗಿ ಬಂದ, ಎದುರುಗಡೆ ಗೂಡಂಗಡೀಲಿ ವಡೆ ತಿಂದು ಟೀ ಕುಡ್ಕಂಡು ಹೊಂಟೋದ. ನಮ್ ಮಾಲೀಕ್ರು ಅದನ್ನೂ ‘ಫುಟ್‌ಫಾಲ್’ ಅಂತ ಬರಕಂಡ್ರು.

ಪ್ರಶ್ನೆ: ಮದ್ದೂರಿನಲ್ಲಿ ಕೂತು ನೀವೇ ವಡೆ ಮಾರಬಹುದಿತ್ತಲ್ಲ?

ಪೆಟ್ಟಿಗೆ: (ಮುಚ್ಚಳ ಪಟಪಟನೆ ಬಡಿದುಕೊಂಡು) ಗಾಯಕ್ಕೇ ಉಪ್ಪು ಹಾಕ್ತೀರಿ! ಕುಂದಾಪುರ ಕಡೆಯಿಂದ ಬಂದ ರಾಮಚಂದ್ರ ಬುಧ್ಯರು 1917ರಲ್ಲಿ ಇಲ್ಲಿನ ರೈಲ್ವೆ ಸ್ಟೇಷನ್ನಲ್ಲಿ, ರೈಲು ಬಂದ್ಬುಡ್ತು ಅಂತ ಅವಸರದಲ್ಲಿ ಕೈಯಲ್ಲೇ ತಟ್ಟಿ ಕರಿದಿದ್ದು ಮದ್ದೂರು ವಡೆ ಅಂತ ಊರೆಲ್ಲ ಹೇಳ್ತದೆ. ಅದ್ಕೆ ಫ್ರಾಂಚೈಸಿ ಫೀಜಿಲ್ಲ, ರಾಯಲ್ಟಿ ಇಲ್ಲ. ಊರಲ್ಲಿ ಯಾರ್ ಬೇಕಾದ್ರೂ ಬುಟ್ಟಿ ಹೊತ್ತು ‘ವಡೆ ವಡೆ ಮದ್ದೂರ್ ವಡೆ’ ಅಂತ ಕೂಗ್ಬೋದು. ನಾವು ಮಾತ್ರ ಮಾರಂಗಿಲ್ಲ. ಕಂಪ್ನಿ ಮೆನುವಿನಲ್ಲಿ ಇಲ್ದಿದ್ದು ಮಾರಿದ್ರೆ ಒಪ್ಪಂದ ಮುರದಂಗೆ. ವಡೆ ಕೇಳ್ದೋರಿಗೆ ‘ಕ್ರೊಸಾಂಟ್ ಇದೆ ಸರ್’ ಅನ್ಬೇಕು.

ಪ್ರಶ್ನೆ: ಕೊಳ್ಳುವವರಿಗೆ ದುಡ್ಡು ಎಲ್ಲಿಂದ ಬಂತು?

ಪೆಟ್ಟಿಗೆ: ತಮಾಸೆ ಇರೋದೇ ಅಲ್ಲಿ. ಅವರ ಗದ್ದೆ ದಶಪಥಕ್ಕೆ ಹೋಯ್ತು, ಪರಿಹಾರ ಬಂತು. ಗದ್ದೆ ನುಂಗಿದ ರಸ್ತೆ ಕೊಟ್ಟ ದುಡ್ಡಲ್ಲಿ, ಅದೇ ರಸ್ತೆ ಕೆಡಿಸಿದ ಅಂಗ್ಡಿ ಕೊಳ್ತಾವ್ರೆ. ಒಂದೇ ಗದ್ದೆ ಎರಡು ಕಿತ ಹೋಯ್ತದೆ.

ಪ್ರಶ್ನೆ: ಅವರು ಭಾನುವಾರ ಬಂದು ರಶ್ ನೋಡಿಕೊಂಡು ಹೋದರಂತೆ.

ಪೆಟ್ಟಿಗೆ: ನೋಡಿದ್ರು. ಅವತ್ತು ಕುಂತಿದ್ದೋರಲ್ಲಿ ಮುಕ್ಕಾಲು ಪಾಲು ಮಾಲೀಕ್ರ ಬೀಗರು. ಮಳವಳ್ಳಿಯಿಂದ ಟೆಂಪೋ ಮಾಡ್ಕಂಡು ಬಂದಿದ್ರು. ಕ್ಯಾಪುಚಿನೋ ನೊರೆ ನೋಡಿ ಒಬ್ಬಜ್ಜಿ ‘ಹಾಲು ಉಕ್ತಾ ಅದೆ, ಒಲೆ ಆರ್ಸ್ರೋ’ ಅಂತು. ಬಿಲ್ಲೆಲ್ಲ ಕರೆಕ್ಟಾಗೇ ಆಯ್ತು. ಕಾಫಿ ದುಡ್ಡನ್ನ ಮಾಲೀಕ್ರು ಟೆಂಪೋ ಬಾಗಿಲಲ್ಲೇ ಹಂಚ್ಬುಟ್ಟಿದ್ರು. ನನ್ ಹೊಟ್ಟೆಯಿಂದ್ಲೇ ತೆಗೆದದ್ದು, ಸಂಜೆಗೆ ವಾಪಸ್ ನನ್ ಹೊಟ್ಟೆಗೇ ಬಂತು.

ಪ್ರಶ್ನೆ: ಲೆಕ್ಕಪತ್ರ ನೋಡಿದರೆ ಗೊತ್ತಾಗುವುದಿಲ್ಲವೇ?

ಪೆಟ್ಟಿಗೆ: ಎರಡು ಥರ ಲೆಕ್ಕ ಅದೆ. ಕೊಳ್ಳೋರಿಗೆ ತೋರ್ಸೋ ನೋಟ್‌ಬುಕ್ಕಲ್ಲಿ ಲಕ್ಸ ಲಕ್ಸ. ಜಿಎಸ್‌ಟಿ 3ಬಿ ರಿಟರ್ನ್ ತೋರ್ಸಿ ಅಂದ್ರೆ, ‘ತೆರಿಗೆ ಉಳ್ಸೋಕೆ ಕಮ್ಮಿ ತೋರ್ಸಿದೀನಿ ಕನಣ್ಣ’ ಅಂತ ಕಣ್ಣು ಹೊಡೀತಾರೆ. ಸರ್ಕಾರಕ್ಕೆ ಸುಳ್ಳು ಹೇಳ್ದೋರು ನಿಮಗೊಬ್ರಿಗೇ ನಿಜ ಹೇಳ್ತಾರೆ ಅಂತ ನಂಬೋಕೆ ದೊಡ್ ಮನಸ್ಸು ಬೇಕು. ನಿಜ ಬೇಕಾದ್ರೆ ಕಂಪ್ನಿ ಕೇಳ್ಬೇಕು. ಈ ಬಿಲ್ಲಿಂಗ್ ಮೆಷಿನ್ನು ಒಂದೊಂದು ಕಾಫೀನೂ ಹೆಡ್ಡಾಫೀಸಿಗೆ ಚಾಡಿ ಹೇಳ್ತದೆ, ಯಾಕಂದ್ರೆ ರಾಯಲ್ಟಿ ಇರೋದು ಮಾರಾಟದ ಮೇಲೆ, ಲಾಭದ ಮೇಲಲ್ಲ. ಅಂಗ್ಡಿ ಮುಳುಗ್ತಿದ್ರೂ ಕಂಪ್ನಿ ಪಾಲು ತೇಲ್ತಿರ್ತದೆ.

ಪ್ರಶ್ನೆ: ಇಷ್ಟೆಲ್ಲ ಕೊಟ್ಟು ಕೊಂಡವರಿಗೆ ಸಿಗುವುದಾದರೂ ಏನು?

ಪೆಟ್ಟಿಗೆ: ಬೋರ್ಡು ಕಂಪ್ನೀದು. ಗೋಡೆ ಕಟ್ಟಡದ ಓನರ್ರುದು, ಅವ್ರು ಹೊಸ ಅಗ್ರಿಮೆಂಟು, ಹೊಸ ಬಾಡಿಗೆ ಅಂತವ್ರೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸು ಮಾರೋ ವಸ್ತು ಅಲ್ಲ, ಹೊಸಬರು ಹೊಸದಾಗೇ ತೆಗೀಬೇಕು. ಜಿಎಸ್‌ಟಿ ನಂಬರು ಹಳಬರ ಪ್ಯಾನಿಗೆ ಅಂಟ್ಕಂಡದೆ. ಕಂಪ್ನಿ ಒಪ್ಪಿಗೆ ಬರವಣಿಗೇಲಿ ಬಾರದೆ ಫ್ರಾಂಚೈಸಿ ಒಪ್ಪಂದ ಕೈ ಬದಲಾಗಾಕಿಲ್ಲ. ಒಪ್ಪಿದ್ರೆ ವರ್ಗಾವಣೆ ಫೀಜು. ಐದು ವರ್ಸದ ಒಪ್ಪಂದದಲ್ಲಿ ನಾಕು ವರ್ಸ ನಮ್ ಮಾಲೀಕ್ರೇ ತಿಂದವ್ರೆ, ಉಳಿದ ಒಂದು ವರ್ಸನ ಐದು ವರ್ಸದ ರೇಟಿಗೆ ಮಾರ್ತಾವ್ರೆ. ಅದು ಮುಗೀತಿದ್ದಂಗೆ ಕಂಪ್ನಿಯೋರು ಬಂದು ‘ಇಂಟೀರಿಯರ್ ಹಳೇದಾಗದೆ’ ಅಂತಾರೆ. ಅಂದ್ರೆ ಮೊದ್ಲು ನಾನೇ ಗುಜರಿಗೆ.

ಪ್ರಶ್ನೆ: ಗುಡ್‌ವಿಲ್ ಅಂತ ಬೇರೆ ಮೊತ್ತ ಕೇಳಿದ್ದಾರೆ.

ಪೆಟ್ಟಿಗೆ: ಕೇಳ್ದೆ ಇರ್ತಾರಾ! ಕಂಪ್ನಿ ಹೆಸರಿನ ಗುಡ್‌ವಿಲ್ಲು ಕಂಪ್ನೀದು. ರಸ್ತೆ ಗುಡ್‌ವಿಲ್ಲು ದಶಪಥ ಹತ್ಕಂಡು ಹೊಂಟೋಯ್ತು. ಉಳಿದಿರೋದು ಮಾಲೀಕ್ರ ಮುಖ ನೋಡಿ ಬರೋರು. ಆ ಮುಖ ಎಲ್ಲಿಗೆ ಹೋಯ್ತದೆ ಗೊತ್ತಾ? ಮಳವಳ್ಳಿಗೆ. ಕನಕಪುರದ ಕಡೆಯಿಂದ ಬರೋ 948ನೇ ಹೆದ್ದಾರಿ ಪಕ್ಕ ಜಾಗ ನೋಡವ್ರೆ. ಗಗನಚುಕ್ಕಿ ಜಲಪಾತ ನೋಡೋಕೆ ಹೋಗೋ ಕಾರೆಲ್ಲ ಅಲ್ಲೇ ನಿಲ್ತವೆ ಅಂತ ಲೆಕ್ಕ. ಅಡ್ವಾನ್ಸು ಈ ರೈತರ ದುಡ್ಡಲ್ಲೇ.

ಪ್ರಶ್ನೆ: ತಡೆಯಲು ಕಾನೂನು ಇಲ್ಲವೇ?

ಪೆಟ್ಟಿಗೆ: ಫ್ರಾಂಚೈಸಿಗೆ ಅಂತ್ಲೇ ಬೇರೆ ಕಾಯ್ದೆ ನಮ್ ದೇಶದಲ್ಲಿಲ್ಲ ಸಾ, 1872ರ ಕರಾರು ಕಾಯ್ದೆಯೇ ಗತಿ. ಅದರ 27ನೇ ಕಲಮಿನ ಪ್ರಕಾರ ‘ನೀನು ವ್ಯಾಪಾರವೇ ಮಾಡ್ಬೇಡ’ ಅಂತ ಬರೆಸ್ಕಂಡ್ರೆ ನಿಲ್ಲಾಕಿಲ್ಲ. ಆದ್ರೆ ಗುಡ್‌ವಿಲ್ ಮಾರ್ದೋನು ಇಂತಿಷ್ಟು ಗಡಿಯೊಳಗೆ ಅದೇ ವ್ಯಾಪಾರ ಮಾಡಂಗಿಲ್ಲ ಅಂತ ಬರೆಸ್ಕೋಬೋದು. ಗಡಿ ನ್ಯಾಯವಾಗಿರ್ಬೇಕು ಅಷ್ಟೆ. ದುಡ್ಡು ಕೊಟ್ಟೀರಿ ಅಂದ್ಮೇಲೆ ಅದನ್ನಾದ್ರೂ ಬರೆಸ್ಕಳಿ. ಇವ್ರು ಬರ್ದಿರೋ ಕರಾರಲ್ಲಿ ಕಾಫಿ ಮೆಷಿನ್ ಸೀರಿಯಲ್ ನಂಬ್ರು ಅದೆ, ಈ ಸಾಲಿಲ್ಲ.

ಪ್ರಶ್ನೆ: ರೈತರಿಗೆ ನೀವೇನು ಹೇಳುತ್ತೀರಿ?

ಪೆಟ್ಟಿಗೆ: ಮಂಗಳವಾರ ಬೆಳಗ್ಗೆ ಹೇಳ್ದೆ ಕೇಳ್ದೆ ಬಂದು ಸಂಜೆಗಂಟ ಮೂಲೇಲಿ ಕುಂತ್ಕಳಿ ಅಂತೀನಿ. ಒಂದ್ ಕಾಫಿ ತಗಳಿ, ಪರವಾಗಿಲ್ಲ, ಅವತ್ತಿನ ಬೋಣಿ ಅದೇ ಆಗ್ಬೋದು. ಅಂಗಾದ್ರೆ…

(ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಪೆಟ್ಟಿಗೆ ಗಪ್‌ಚಿಪ್. ಮಾಲೀಕರು ಫೋನಿನಲ್ಲೇ ಇದ್ದರು: ‘ಮಂಗ್ಳಾರ ಬ್ಯಾಡಿ ಅಣ್ಣ, ಅವತ್ತು ಮೆಷಿನ್ ಸರ್ವಿಸ್ ಅದೆ. ಭಾನುವಾರವೇ ಬನ್ನಿ, ಮನೆಯೋರ್ನೂ ಕರ್ಕಂಡ್ ಬನ್ನಿ. ಈ ಸಲ ರಶ್ಶು ಇನ್ನೂ ಜಾಸ್ತಿ ಇರ್ತದೆ, ಟೆಂಪೋ ಬದ್ಲು ಬಸ್ಸೇ…’ ನಮ್ಮನ್ನು ನೋಡಿ ಮಾತು ನುಂಗಿಕೊಂಡರು.)