ನಕ್ಷಾನ್ವೇಷಣ ಪ್ರಕರಣ ಅರ್ಥಾತ್ ಹಳೆಯ ವಿಮಾನದ ಓಲೆಗರಿ

ಹಳೆಯ ಕಾವ್ಯವನ್ನು ಸಂಪಾದಿಸ ಹೊರಟವನೂ ಹಳೆಯ ವಿಮಾನದ ಪಡಿಯಚ್ಚು ಕಟ್ಟ ಹೊರಟವನೂ ಒಂದೇ ಕಾಯಿಲೆಯವರು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇಬ್ಬರಿಗೂ ಬೇಕಾದದ್ದು ಕವಿಯ ಕೈಬರಹದ ಮೂಲಪ್ರತಿ. ಇಬ್ಬರಿಗೂ ಸಿಗುವುದು ಗೆದ್ದಲು ತಿಂದು ಬಿಟ್ಟ ಪ್ರತಿಯ ಪ್ರತಿ. ವ್ಯತ್ಯಾಸ ಒಂದೇ. ಪಾಠ ತಪ್ಪಾದರೆ ಕಾವ್ಯದ ಸಂಪಾದಕನ ಮನೆಗೆ ಖಂಡನಾ ಲೇಖನ ಬರುತ್ತದೆ, ವಿಮಾನದ ಸಂಪಾದಕನ ಮನೆಗೆ ಆಂಬುಲೆನ್ಸ್ ಬರುತ್ತದೆ.

ಪ್ರಸ್ತುತ ಲೇಖಕನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ವಿಮಾನ ಹತ್ತಿದ್ದು ಎರಡು ಸಲ, ಎರಡು ಸಲವೂ ಕಿಟಕಿ ಪಕ್ಕದ ಸೀಟು ಸಿಗಲಿಲ್ಲ. ಹೀಗಿರಲಾಗಿ ತಂಗಿಯ ಮಗ ರಾಘು ಒಂದು ಭಾನುವಾರ ಬಂದು, "ಮಾವ, ಹಳೇ ಕಾಲದ ವಿಮಾನದ ನಕ್ಷೆ ಎಲ್ಲಿ ಸಿಗತ್ತೆ? ನಾನೊಂದು ಕಟ್ಟಬೇಕು" ಎಂದ. ಅವನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿನಲ್ಲಿ ಇರುವವನು, ಅಂದರೆ ಸ್ಪ್ಯಾನರ್ ಹಿಡಿಯುವ ಆಸೆ ತೀರದೆ ಉಳಿದವನು. ಮಕ್ಕಳು ಹೀಗೆ ಕೇಳಿದಾಗ ಬುದ್ಧಿವಂತ ಮಾವಂದಿರು ಮಾತು ಮರೆಸಿ ಕಾಫಿ ತರಿಸುತ್ತಾರೆ. ನಾನು ಎದ್ದು ಹೋಗಿ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಕಪಾಟಿನಿಂದ ಇಳಿಸಿದೆ.

ಮೊದಲು ಲಕ್ಷಣ ಹೇಳಬೇಕು. ನಕ್ಷೆ ಎಂದರೇನು? ಮೈಸೂರಿನಲ್ಲಿ ಜನ ಇದನ್ನು ಪ್ಲಾನ್ ಎನ್ನುತ್ತಾರೆ, ಕಟ್ಟುವ ಮನೆಗೂ ತನಗೂ ಸಂಬಂಧವಿಲ್ಲವೆಂದು ಕಚೇರಿಯಲ್ಲಿ ಮೊಹರು ಹಾಕಿಸಿಕೊಂಡ ಕಾಗದವೇ ಪ್ಲಾನ್. ಅದರಲ್ಲಿ ಬಿಟ್ಟ ನಾಲ್ಕಡಿ ಜಾಗ ಮನೆಯಲ್ಲಿರುವುದಿಲ್ಲ, ಮನೆಯಲ್ಲಿರುವ ಮೂರನೇ ಮಹಡಿ ಅದರಲ್ಲಿರುವುದಿಲ್ಲ. ವಿಮಾನದ ನಕ್ಷೆಗೂ ಈ ಲಕ್ಷಣ ಹೊಂದುತ್ತದೆಯೇ ಎಂಬುದೇ ವಿಚಾರ.

ಮೊದಲ ಹಸ್ತಪ್ರತಿ ರೈಟ್ ಸಹೋದರರದು. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಮರಳುದಿಣ್ಣೆಯಲ್ಲಿ ಅವರ ಯಂತ್ರ 12 ಸೆಕೆಂಡು, 120 ಅಡಿ ಹಾರಿತು. ಇಂಥ ಮಹಾಕಾವ್ಯಕ್ಕೆ ಪೂರ್ಣ ನಕ್ಷೆ ಇರಲೇಬೇಕೆಂದು ರಾಘು ವಾದಿಸಿದ. ಇಲ್ಲ. ಇರುವುದು ಸಾಮಾನು ಕಟ್ಟುವ ಕಂದು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಚಿತ್ರ, ಒಂದಷ್ಟು ಟಿಪ್ಪಣಿ, ಕಾಗದಪತ್ರ, ಫೋಟೋಗಳು. ಎಂಜಿನ್ ಮಾಡಿಕೊಟ್ಟ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ಕಿಗೆ ಅಣ್ಣತಮ್ಮಂದಿರಲ್ಲಿ ಒಬ್ಬರು ಚೂರು ಕಾಗದದ ಮೇಲೆ ಬೇಕಾದ ಭಾಗವನ್ನು ಬರೆದು ಕೊಡುವರು, ಅವನು ಅದನ್ನು ಕೆಲಸದ ಮೇಜಿನ ಮೇಲುಗಡೆ ಚುಚ್ಚಿಕೊಂಡು ಕೆಲಸ ಮಾಡುವನು. ಆರು ವಾರದಲ್ಲಿ ಎಂಜಿನ್ ಸಿದ್ಧವಾಯಿತು, ಚೂರುಗಳು ಕಸಕ್ಕೆ ಹೋದವು. ನಮ್ಮ ಕಡೆ ಚಿನಿವಾರರೂ ಅಡುಗೆಭಟ್ಟರೂ ಹೀಗೆಯೇ.

ಹಾಗಾದರೆ ವಿಮಾನವನ್ನೇ ಅಳೆದುಕೊಂಡರಾಯಿತು ಎಂಬುದು ಪೂರ್ವಪಕ್ಷ. ಇಲ್ಲಿ ಪಾಠಶೋಧಕನ ಎದೆ ಬಡಿದುಕೊಳ್ಳುತ್ತದೆ. ಆ ದಿನ ನಾಲ್ಕನೆಯ ಹಾರಾಟವಾದ ಮೇಲೆ ಗಾಳಿ ಬೀಸಿ ಯಂತ್ರ ಪಲ್ಟಿ ಹೊಡೆದು ಮುರಿಯಿತು. 1913ರಲ್ಲಿ ಅವರ ಊರು ಡೇಟನ್ನಿಗೆ ನೆರೆ ಬಂದಾಗ ಪೆಟ್ಟಿಗೆಯೊಳಗೆ ಕೆಸರುನೀರು ಕುಡಿಯಿತು. ಆಮೇಲೆ ಸಹೋದರರಲ್ಲೊಬ್ಬನಾದ ಆರ್ವಿಲ್ ಅದನ್ನು ಜೋಡಿಸಿ ಪ್ರದರ್ಶನಕ್ಕಿಟ್ಟ, ಮುಂದೆ ಹೊಸ ಬಟ್ಟೆಯನ್ನೂ ಹೊದಿಸಿದ. ಈಗ ಇರುವುದರಲ್ಲಿ 1903ರ ಪಾಠ ಎಷ್ಟು, ಕವಿಯೇ ಮುಪ್ಪಿನಲ್ಲಿ ಸೇರಿಸಿದ ಪ್ರಕ್ಷಿಪ್ತ ಎಷ್ಟು? ಸಾಲದ್ದಕ್ಕೆ ಕರ್ತೃತ್ವದ ಜಗಳ ಬೇರೆ. ಸ್ಮಿತ್‌ಸೋನಿಯನ್ ಸಂಸ್ಥೆಯವರು ತಮ್ಮ ಸಂಸ್ಥೆಯ ಲ್ಯಾಂಗ್ಲಿ ಎಂಬವರ ಯಂತ್ರವೇ ಮೊದಲು ಹಾರಬಲ್ಲದ್ದಾಗಿತ್ತು ಎಂದು ಪಟ್ಟು ಹಿಡಿದದ್ದಕ್ಕೆ ಆರ್ವಿಲ್ ಮುನಿಸಿಕೊಂಡು 1928ರಲ್ಲಿ ವಿಮಾನವನ್ನು ಲಂಡನ್ನಿಗೆ ಕಳಿಸಿಬಿಟ್ಟ. ಅದು ಊರಿಗೆ ಮರಳಿದ್ದು 1948ರಲ್ಲಿ, ಅವನು ತೀರಿಕೊಂಡ ಮೇಲೆ. ಅಷ್ಟರಲ್ಲಿ ಇಂಗ್ಲಿಷರು ಅದನ್ನು ಅಳೆದು ನಕ್ಷೆ ಬರೆದುಕೊಂಡು ಪಡಿಯಚ್ಚನ್ನೂ ಮಾಡಿಸಿಕೊಂಡಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದನ್ನು ಕೇಳಿದ್ದೇವೆ, ಇಲ್ಲಿ ಕೂಸಿನ ಜಾತಕ ಪಕ್ಕದ ಮನೆಯವರ ಪಾಲಾಯಿತು.

ಈ ಪಾಠಾಂತರಗಳನ್ನೆಲ್ಲ ಕೂಡಿಸಿ, ಫೋಟೋಗಳನ್ನು ಭೂತಗನ್ನಡಿಯಲ್ಲಿ ನೋಡಿ, ಅಮೆರಿಕನ್ನರು ಶತಮಾನೋತ್ಸವಕ್ಕೊಂದು ಪರಿಷ್ಕೃತ ಆವೃತ್ತಿ ತಂದರು. ಹೊಲಿಗೆಯ ಎಳೆಯವರೆಗೆ ನಿಷ್ಠೆ. 2003ರ ಡಿಸೆಂಬರ್ 17ರಂದು ಅದೇ ಜಾಗದಲ್ಲಿ ಸಾವಿರಾರು ಜನರ ಮುಂದೆ ಅದು ಹಳಿಯ ಮೇಲೆ ಓಡಿ, ಮೂತಿ ಎತ್ತಿದಂತೆ ಮಾಡಿ, ಮಳೆನೀರು ನಿಂತ ಗುಂಡಿಯಲ್ಲಿ ಕೂತುಬಿಟ್ಟಿತು. ಸಂಪಾದಕರ ತಪ್ಪಲ್ಲ. ಮೂಲದಲ್ಲಿ ಗಂಟೆಗೆ ಇಪ್ಪತ್ತು ಮೈಲಿಗೂ ಮೇಲ್ಪಟ್ಟ ಎದುರುಗಾಳಿ ಇತ್ತು. ಕಾವ್ಯದ ಅರ್ಧ ಗಾಳಿಯಲ್ಲಿ ಬರೆದಿದ್ದರೆ ಅದನ್ನು ಯಾವ ಓಲೆಗರಿಯಿಂದ ಎತ್ತಿಕೊಳ್ಳುವುದು?

ಎರಡನೆಯ ಹಸ್ತಪ್ರತಿ ಜರ್ಮನಿಯ ಫೋಕರ್ ಡಿಆರ್-1. ಮೊದಲ ಮಹಾಯುದ್ಧದ ಮೂರು ರೆಕ್ಕೆಯ ವಿಮಾನ, ರಿಕ್ಟ್‌ಹೋಫೆನ್ ಎಂಬ ಕೆಂಪು ಸರದಾರನ ಕೊನೆಯ ಸವಾರಿ. ಪಡಿಯಚ್ಚಿನವರಿಗೆಲ್ಲ ಇದರ ಹುಚ್ಚು. ಸುಮಾರು 320 ಕಟ್ಟಿದ್ದರು, ಇಂದು ಒಂದೂ ಇಲ್ಲ. ಬರ್ಲಿನ್ ಮ್ಯೂಸಿಯಂನಲ್ಲಿ ಉಳಿದಿದ್ದ ಕೊನೆಯದೂ ಎರಡನೆಯ ಯುದ್ಧದ ಬಾಂಬಿಗೆ ಆಹುತಿಯಾಯಿತು. ಹಾಗಿದ್ದೂ ಇವತ್ತು ನಾಲ್ಕಾರು ದೇಶಗಳಲ್ಲಿ ಅದರ ಪಡಿಯಚ್ಚುಗಳು ಹಾರುತ್ತಿವೆ. ಪಾಠ ಎಲ್ಲಿಂದ ಬಂತು? ಒಂದು ದೊಡ್ಡ ಭಾಗ ಶತ್ರುವಿನಿಂದ. 1918ರ ಜನವರಿಯಲ್ಲಿ ಕೈಗೆ ಸಿಕ್ಕ ಒಂದನ್ನು ಬ್ರಿಟಿಷರು ಬಿಚ್ಚಿ ಅಳೆದು ವರದಿ ಬರೆದರು. ಚಾರ್ವಾಕರ ಮೂಲಗ್ರಂಥಗಳೆಲ್ಲ ಹಾಳಾಗಿ, ಅವರನ್ನು ಬೈಯಲು ಎದುರಾಳಿಗಳು ಎತ್ತಿ ಹೇಳಿದ ಮಾತುಗಳಷ್ಟೇ ನಮಗೆ ಉಳಿದಿಲ್ಲವೇ? ಹಾಗೆಯೇ ಇದೂ. ಬೈಯುವವರು ಅಚ್ಚುಕಟ್ಟಾಗಿ ಬೈದರೆ ಅದೇ ದೊಡ್ಡ ಉಪಕಾರ.

ಇಲ್ಲೊಂದು ಧರ್ಮಸಂಕಟವಿದೆ. ಕವಿಯ ದೋಷವನ್ನು ಸಂಪಾದಕ ತಿದ್ದಬಾರದೆಂಬುದು ಶಾಸ್ತ್ರ, ಛಂದಸ್ಸು ಕೆಟ್ಟಿದ್ದರೆ ಕೆಟ್ಟ ಹಾಗೆಯೇ ಅಚ್ಚಾಗಬೇಕು. ಈ ವಿಮಾನ 1917ರ ಅಕ್ಟೋಬರಿನಲ್ಲಿ ಹಾರುತ್ತಿದ್ದಾಗಲೇ ಮೇಲಿನ ರೆಕ್ಕೆ ಕಿತ್ತುಬಂದು ಪೈಲಟ್ಟುಗಳು ಸತ್ತರು. ಒಳಗೆ ತೇವ ಸೇರಿ ಅಂಟು ಬಿಟ್ಟಿತ್ತು, ಕೆಲಸವೂ ನಾಜೂಕಾಗಿರಲಿಲ್ಲ. ಮೂಲನಿಷ್ಠ ಪಡಿಯಚ್ಚಿನಲ್ಲಿ ಈ ದೋಷವನ್ನು ಉಳಿಸಿಕೊಳ್ಳಬೇಕೇ ಬೇಡವೇ? ರಾಘು ಬೇಡವೆಂದ. ಅವನಿಗೆ ಸಂಪಾದನೆಯ ಶಿಸ್ತು ಇಲ್ಲ.

ಎಂಜಿನ್ನಿನ ಪಾಠವೂ ಲೋಪವಾಗಿದೆ. ಮೂಲದಲ್ಲಿ ಪ್ರೊಪೆಲ್ಲರಿನ ಜೊತೆಗೆ ಇಡೀ ಎಂಜಿನ್ನೇ ಗಿರಗಿರ ಸುತ್ತುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ, ನಮ್ಮಜ್ಜಿ ತಿಂಗಳಿಗೊಂದು ಭಾನುವಾರ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಉರಿದುಳಿದ ಎಣ್ಣೆ ತುಂತುರಾಗಿ ಪೈಲಟ್ಟಿನ ಮುಖಕ್ಕೆ ರಾಚುತ್ತಿತ್ತು, ಅವನು ಉಸಿರಿನ ಜೊತೆ ಅದನ್ನೂ ನುಂಗುತ್ತಿದ್ದ. ಮುಂದಿನದನ್ನು ಬರೆಯಬೇಕಾಗಿಲ್ಲ. ವೀರರು ಬೇಗ ಬೇಗ ನೆಲಕ್ಕಿಳಿಯುತ್ತಿದ್ದುದಕ್ಕೆ ಯುದ್ಧನೀತಿಯೊಂದೇ ಕಾರಣವಲ್ಲ. ಇಂದಿನ ಪಡಿಯಚ್ಚುಗಳಲ್ಲಿ ಹಲವಕ್ಕೆ ಬೇರೆ ಎಂಜಿನ್, ಬೇರೆ ಎಣ್ಣೆ. ವಿದ್ವಾಂಸರು ಇದನ್ನು ಪ್ರಗತಿ ಎನ್ನಬಹುದು, ನಾನು ರಸಭಂಗ ಎನ್ನುತ್ತೇನೆ.

ಮೂರನೆಯದು ನಮ್ಮದೇ ನೆಲದ್ದು. ಇಲ್ಲಿ ನಕ್ಷೆಗೆ ಬರವೇ ಇಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯ ಹೆಸರಿನಲ್ಲಿ 'ವೈಮಾನಿಕ ಶಾಸ್ತ್ರ'ವನ್ನು ಬಾಯಲ್ಲಿ ಹೇಳಿ ಬರೆಸಿದರು. 1923ರಲ್ಲಿ ಎಲ್ಲಪ್ಪ ಎಂಬ ನಕ್ಷೆಗಾರರು ಅವರು ಹೇಳಿದಂತೆ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳ ಚಿತ್ರ ಬರೆದರು. 1973ರಲ್ಲಿ ಮೈಸೂರಿನ ಜೋಸಯರ್ ಅವರು ಇಂಗ್ಲಿಷಿನ ಜೊತೆ ಅಚ್ಚು ಹಾಕಿಸಿದರು. ಎಂಥ ನಕ್ಷೆ! ರೈಟ್ ಸಹೋದರರ ಪೆನ್ಸಿಲ್ ಗೀರು ಇದರ ಮುಂದೆ ದೋಬಿ ಲೆಕ್ಕದ ಚೀಟಿ. ಪೈಲಟ್ ಏನು ಉಣ್ಣಬೇಕು, ಏನು ಉಡಬೇಕು ಎಂಬುದಕ್ಕೂ ವಿಧಿಯಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಪರೀಕ್ಷಿಸಿ, ಗ್ರಂಥ 1904ಕ್ಕಿಂತ ಹಳೆಯದಲ್ಲ, ಈ ವಿಮಾನಗಳು ಹಾರುವಂಥವೂ ಅಲ್ಲ ಎಂದು ಹೇಳಿ ಕೈತೊಳೆದುಕೊಂಡರು.

ಇದರಿಂದ ಸಿದ್ಧಿಸುವ ಸೂತ್ರ: ಹಾರಿದ್ದಕ್ಕೆ ನಕ್ಷೆಯಿಲ್ಲ, ನಕ್ಷೆಯಿದ್ದದ್ದು ಹಾರದು. ಇದನ್ನು ನಾನು ನೋಟ್‌ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುವಷ್ಟರಲ್ಲಿ ರಾಘು ಅಪವಾದವೊಂದನ್ನು ಹಿಡಿದು ತಂದ.

ಆಲ್ಬರ್ಟೊ ಸಾಂಟೋಸ್ ಡ್ಯುಮಾಂಟ್ ಬ್ರೆಜಿಲ್‌ನ ಕಾಫಿ ಸಾಹುಕಾರನ ಮಗ, ಪ್ಯಾರಿಸ್ಸಿನಲ್ಲಿ ಹಾರಾಡಿಕೊಂಡಿದ್ದವನು. ಅಕ್ಷರಶಃ. (ಚಿಕ್ಕಮಗಳೂರಿನ ಸಾಹುಕಾರರ ಮಕ್ಕಳಲ್ಲಿ ಈ ಅಭ್ಯಾಸ ಜೀಪಿಗೇ ನಿಂತಿದೆ.) ಅವನ 1909ರ ಪುಟ್ಟ ವಿಮಾನದ ಹೆಸರು ಡೆಮ್ವಾಸೆಲ್. ಫ್ರೆಂಚಿನಲ್ಲಿ ಆ ಪದಕ್ಕೆ ಕುಮಾರಿ ಎಂದೂ ಅರ್ಥ, ಕೆರೆಯ ಮೇಲೆ ಹಾರುವ ತೆಳುಮೈಯ ಹುಳು ಎಂದೂ ಅರ್ಥ. ಆ ಹುಳುವಿನ ಜಾತಿಯನ್ನು ನಮ್ಮ ಹುಡುಗರು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ಅವರು ವಿಮಾನಕ್ಕೆ ಹುಳುವಿನ ಹೆಸರಿಟ್ಟರು, ನಾವು ಹುಳುವಿಗೆ ವಿಮಾನದ ಹೆಸರಿಟ್ಟೆವು, ಸಾಲ ತೀರಿತು. ಈ ಪುಣ್ಯಾತ್ಮ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಬೇಕಾದವರು ಕಟ್ಟಿಕೊಳ್ಳಿ ಎಂದ. 1910ರ ಜೂನಿನಲ್ಲಿ ಅಮೆರಿಕದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆ ಅದರ ನಕ್ಷೆಗಳನ್ನು ಅಚ್ಚು ಹಾಕಿತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ತಂದುಕೊಟ್ಟ ಓಲೆಕಟ್ಟನ್ನು ಓದಿ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದ್ದೂ ಡೆಮ್ವಾಸೆಲ್ಲಿನ ವರ್ಷವಾದ 1909ರಲ್ಲೇ. ಕಳೆದದ್ದು ತಾನಾಗಿ ಮನೆ ಬಾಗಿಲಿಗೆ ಬರುತ್ತಿದ್ದ ಕಾಲವದು.

ರಾಘು ಆ ಹಾಳೆಗಳ ಜೆರಾಕ್ಸ್ ತಂದಿದ್ದ, ಜೆರಾಕ್ಸಿನ ಜೆರಾಕ್ಸ್. ಲಿಪಿಕಾರನ ಕೈತಪ್ಪನ್ನು ಕಣ್ಣಿಗೆ ಕಾಣಬಹುದು, ಜೆರಾಕ್ಸ್ ಮೆಷಿನ್ನಿನ ತಪ್ಪು ಕಾಣದು. ಒಂದೊಂದು ಸಲಕ್ಕೂ ಚೂರು ಚೂರು ಹಿಗ್ಗಿಸುತ್ತದೆ, ಇಲ್ಲವೆ ಕುಗ್ಗಿಸುತ್ತದೆ. ಅದಕ್ಕೇ ಬಲ್ಲವರು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ನಂಬಿ ಎನ್ನುತ್ತಾರೆ. ಚಿತ್ರಕ್ಕಿಂತ ಅಕ್ಷರ ದೊಡ್ಡದು ಎಂದು ಎಂಜಿನಿಯರುಗಳೇ ಒಪ್ಪಿದ್ದನ್ನು ಕೇಳಿ ಹಳಗನ್ನಡದ ಮೇಷ್ಟರಿಗೆ ಆದ ಸಂತೋಷವನ್ನು ಓದುಗರು ಊಹಿಸಬೇಕು.

ಡೆಮ್ವಾಸೆಲ್ಲಿನ ಮೈ ಬಿದಿರು, ಮೂರು ಉದ್ದನೆಯ ಗಳು. ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಬಂಬೂ ಬಜಾರಿಗೆ ಹೋದೆವು. ಬುಟ್ಟಿ ಹೆಣೆಯುತ್ತಿದ್ದ ಮುದುಕ ತಲೆಯೆತ್ತದೆ ಕೇಳಿದ, "ಚಪ್ಪರಕ್ಕೋ, ಚಟ್ಟಕ್ಕೋ?"

"ವಿಮಾನಕ್ಕೆ" ಎಂದ ರಾಘು.

ಮುದುಕ ಕೈಕೆಲಸ ಬಿಟ್ಟು ಎದ್ದು ನಿಂತ. "ಅಯ್ಯೋ ಸಾಮಿ, ಯಾರು ಹೋಗಿದ್ದು?"

ನಮ್ಮ ಸೀಮೆಯಲ್ಲಿ ಹೆಣವನ್ನು ಕೂರಿಸಿ, ಹೂ ಕಟ್ಟಿ ಹೊರುವ ಬಿದಿರಿನ ಮಂಟಪಕ್ಕೂ ವಿಮಾನವೆಂದೇ ಹೆಸರೆಂಬುದು ಪದವೀಧರ ಅಳಿಯನಿಗೆ ತಿಳಿಯದು. ನಾನು ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುದುಕ ಮೊಳ ಹಾಕಿ ಗಳು ಅಳೆಯುತ್ತಿದ್ದ. ಅವನ ಬಳಿ ಕಾಗದವಿಲ್ಲ, ಅಂಕಿಯಿಲ್ಲ, ತಪ್ಪೂ ಇಲ್ಲ. ಮಧ್ಯದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದ. "ಕೂರೋರು ಎಷ್ಟು ದಪ್ಪ ಇದ್ರು?"

ಈ ಪ್ರಶ್ನೆಯನ್ನು ಪಾಪ್ಯುಲರ್ ಮೆಕ್ಯಾನಿಕ್ಸ್ ಕೇಳಿರಲಿಲ್ಲ. 1965ರ ಒಂದು ಇಂಗ್ಲಿಷ್ ಹಾಸ್ಯಚಿತ್ರಕ್ಕೆಂದು ಡೆಮ್ವಾಸೆಲ್ಲಿನ ಪಡಿಯಚ್ಚು ಕಟ್ಟಿದಾಗ ಅದು ನೆಲ ಬಿಟ್ಟೇಳಲು ಒಪ್ಪಲಿಲ್ಲವಂತೆ. ಆಮೇಲೆ ಹೊಳೆಯಿತು, ಸಾಂಟೋಸ್ ಡ್ಯುಮಾಂಟ್ ಕುಳ್ಳ, ಕಡ್ಡಿ, ತೂಕ 50 ಕೆ.ಜಿ. ಆಸುಪಾಸು. ಯುದ್ಧಕಾಲದಲ್ಲಿ ವಿಮಾನ ಸಾಗಿಸುತ್ತಿದ್ದ ಜೋನ್ ಹ್ಯೂಸ್ ಎಂಬ ಪುಟ್ಟ ಹೆಂಗಸನ್ನು ಕೂರಿಸಿದರು, ಹಾರಿತು. ಅಷ್ಟೇ ಅಲ್ಲ, ಮೂಲದಲ್ಲಿ ರೆಕ್ಕೆ ತಿರುಚುವ ಸರಳು ಪೈಲಟ್ಟಿನ ಕೋಟಿನ ಬೆನ್ನಿಗೇ ಸೇರಿಕೊಂಡಿತ್ತು, ಅವನು ಮೈ ವಾಲಿಸಿದರೆ ವಿಮಾನ ವಾಲುತ್ತಿತ್ತು. ಕವಿಯ ದೇಹವೇ ಕಾವ್ಯದ ಒಂದು ಪಾದ. ಪೈಲಟ್ಟಿನ ಊಟ ಉಡುಪನ್ನು ಬರೆದಿಟ್ಟ ಭರದ್ವಾಜ ಸಂಪ್ರದಾಯದವರನ್ನು ನೋಡಿ ನಕ್ಕದ್ದಕ್ಕೆ ಇಲ್ಲಿ ಅರ್ಧ ಕ್ಷಮೆ ಕೇಳುತ್ತೇನೆ. ಉಳಿದರ್ಧ ಆ ವಿಮಾನ ಹಾರಿದ ದಿನ.

ಮನೆಗೆ ಬಂದು ತೂಕದ ಯಂತ್ರ ತೆಗೆದೆವು. ರಾಘು 84, ಪ್ರಬಂಧಕಾರ 76. ಅಡುಗೆಮನೆಯಿಂದ ಬಂದ ನಮ್ಮ ಮನೆಯವರು ಅದರ ಪಕ್ಕದಲ್ಲಿದ್ದ ಸೊಪ್ಪಿನ ಕಟ್ಟನ್ನು ಎತ್ತಲು ಬಗ್ಗಿದಾಗ ಉಪಾಯವಾಗಿ ಹತ್ತಿಸಿ ನೋಡಿದೆವು. 49.

"ಅತ್ತೆ, ನೀವೇ ಪೈಲಟ್" ಎಂದ ರಾಘು. ಅವಳು ಕೈಯಲ್ಲಿದ್ದ ದಂಟಿನ ಸೊಪ್ಪನ್ನು ಬಿಡಿಸುತ್ತ, "ಎಷ್ಟು ದೂರ ಹೋಗತ್ತೆ ಅದು?" ಎಂದಳು.

1909ರಲ್ಲಿ ಸಾಂಟೋಸ್ ಡ್ಯುಮಾಂಟ್ ಅದನ್ನು ಸುಮಾರು 8 ಕಿಲೋಮೀಟರ್ ಹಾರಿಸಿದ್ದ ಎಂದು ನಾನು ಆಧಾರಸಹಿತವಾಗಿ ವಿವರಿಸಿದೆ. ಅವಳ ತವರು ಶ್ರೀರಂಗಪಟ್ಟಣ, ಇಲ್ಲಿಗೆ ಹದಿನಾರು.

"ಅಲ್ಲರೀ, ಸಿದ್ಧಲಿಂಗಪುರದ ಹತ್ರ ಕಬ್ಬಿನ ಗದ್ದೇಲಿ ಇಳ್ಕೊಂಡು ಮಿಕ್ಕಿದ್ದು ನಡೀಬೇಕಾ? ಬಸ್ಸಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡೂ ಇಲ್ಲ. ಆ ಬಿದಿರು ತಂದಿದೀರಲ್ಲ, ಅವರೆ ಬಳ್ಳಿಗೆ ಚಪ್ಪರ ಹಾಕ್ಕೊಡಿ."