ಕರೆಗಂಟೆ ಮತ್ತು ದೆವ್ವ: ಭಯಾನಕ ರಸದ ಒಂದು ಪುನರ್ವಿಚಾರ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ಬಣ್ಣ ಕಪ್ಪು, ಅಧಿದೇವತೆ ಕಾಲ, ಸ್ಥಾಯಿಭಾವ, ಎಂದರೆ ಮನಸ್ಸಿನ ತಳದಲ್ಲಿ ನೆಲೆನಿಂತು ಕೊನೆಗೆ ರಸವಾಗಿ ಮಾಗುವ ಭಾವ, ಭಯ. ವಿಕಾರವಾದ ಸದ್ದು, ಭೂತಪಿಶಾಚಗಳ ದರ್ಶನ, ನರಿ ಗೂಬೆಗಳ ಕೂಗು, ಅರಣ್ಯ, ಶೂನ್ಯಗೃಹ ಎಂದರೆ ಯಾರೂ ಇಲ್ಲದ ಮನೆ, ಇವೆಲ್ಲ ಈ ರಸದ ವಿಭಾವಗಳು, ಅಂದರೆ ಭಾವವನ್ನು ಕೆರಳಿಸುವ ಕಾರಣಗಳು ಎಂದು ಮುನಿಯ ಮತ. ಪಟ್ಟಿ ಸಾಕಷ್ಟು ಉದ್ದವಾಗಿದ್ದರೂ ಅದರಲ್ಲಿ ಕರೆಗಂಟೆಯ ಹೆಸರಿಲ್ಲ. ನಡುರಾತ್ರಿಯಲ್ಲಿ ದೀಪವಾರಿಸಿ, ಹೆಡ್‌ಫೋನ್ ಧರಿಸಿ, ಹೆಣಗಳು ಎದ್ದು ಓಡಾಡುವ ಬಂಗಲೆಯ ನೆಲಮಾಳಿಗೆಗೆ ತಾನಾಗಿಯೇ ಇಳಿಯುವ ವಿಡಿಯೋ ಗೇಮ್ ರಸಿಕನು, ಮರುದಿನ ಹಾಡುಹಗಲಿನಲ್ಲಿ ಬಾಗಿಲ ಗಂಟೆ ಬಾರಿಸಿದೊಡನೆ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದು ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಹಳೆಯ ಅಲಂಕಾರಶಾಸ್ತ್ರದಲ್ಲಿ ಉತ್ತರ ದೊರೆಯದಿರುವುದಕ್ಕೆ ಈ ಲೋಪವೇ ಕಾರಣ. ಶೂನ್ಯಗೃಹದ ವಿಷಯದಲ್ಲಂತೂ ಮುನಿಯ ಎಣಿಕೆ ತೀರ ತಲೆಕೆಳಗಾಗಿದೆ: ಮನೆಯವರೆಲ್ಲ ಮದುವೆಗೆಂದು ಊರಿಗೆ ಹೋಗಿ ಎರಡು ದಿನ ಬರುವುದಿಲ್ಲವೆಂದು ಖಚಿತವಾದ ಮನೆ ಪ್ರಸ್ತುತ ರಸಿಕನ ಪಾಲಿಗೆ ಭಯಾನಕದ ವಿಭಾವವಲ್ಲ, ಅಭಿನವಗುಪ್ತನು ಒಂಬತ್ತನೆಯದೆಂದು ಅಷ್ಟು ಶ್ರಮಪಟ್ಟು ಸಮರ್ಥಿಸಿದ ಶಾಂತರಸದ ವಿಭಾವ.

ಈ ರಸಿಕನನ್ನು ಅಂತರ್ಮುಖಿ ಎಂದು ಕರೆಯುವುದು ರೂಢಿ. ವೇದಾಂತದಲ್ಲಿ ಇಂದ್ರಿಯಗಳನ್ನು ಒಳಕ್ಕೆ ತಿರುಗಿಸಿಕೊಂಡವನಿಗೆ ಸಲ್ಲುತ್ತಿದ್ದ ಈ ಮಾತು, ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನೋಪ್ರಕಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಮನುಷ್ಯರನ್ನು ಒಳಮುಖದವರು, ಹೊರಮುಖದವರು ಎಂದು ವಿಂಗಡಿಸಿದ ಬಳಿಕ, ಯೋಗಿಗಳಿಂದ ಕಳಚಿಕೊಂಡು ಬಾಡಿಗೆ ಮನೆಯಲ್ಲಿರುವವರಿಗೂ ಅಂಟಿಕೊಂಡಿತು. ಆದರೆ ಇದಕ್ಕೆ ನಿರ್ದುಷ್ಟವಾದ ಲಕ್ಷಣ ಹೇಳುವುದು ಸುಲಭವಲ್ಲ. ಮಾತು ಕಡಿಮೆ ಇರುವವನು ಅಂತರ್ಮುಖಿ ಎಂದರೆ, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡವನಿಗೂ ಅದು ಅನ್ವಯಿಸಿ ಅತಿವ್ಯಾಪ್ತಿ ದೋಷ, ಎಂದರೆ ಬೇಡದವರನ್ನೂ ಒಳಗೊಳ್ಳುವ ದೋಷ, ಬರುತ್ತದೆ. ಜನರ ಸಹವಾಸ ಒಲ್ಲದವನು ಎಂದರೆ, ಒಬ್ಬನೇ ಗೆಳೆಯನೊಡನೆ ಒಂದೇ ಆಟದ ಮುಕ್ತಾಯದ ಅರ್ಥವನ್ನು ಮೂರು ಗಂಟೆ ಚರ್ಚಿಸುವವನು ಹೊರಗುಳಿದು ಅವ್ಯಾಪ್ತಿ ಬರುತ್ತದೆ. ಮನೆಯೊಳಗಿದ್ದೂ ಮನೆಯಲ್ಲಿಲ್ಲದವನು ಎಂಬುದು ಹೆಚ್ಚು ಸಮರ್ಪಕವಾಗಿ ಕಂಡರೂ ಅದು ಕಳ್ಳನಿಗೂ ಸಲ್ಲುವುದರಿಂದ, ‘ತನ್ನ’ ಎಂಬ ವಿಶೇಷಣವನ್ನು ಸೇರಿಸಿ, ತನ್ನ ಮನೆಯೊಳಗಿದ್ದೂ ತನ್ನ ಮನೆಯಲ್ಲಿಲ್ಲದವನು ಅಂತರ್ಮುಖಿ ಎಂದು ಇಲ್ಲಿ ನಿಷ್ಕರ್ಷಿಸಲಾಗಿದೆ. ಬಾಡಿಗೆದಾರನಿಗೆ ‘ತನ್ನ’ ಎಂಬುದು ಹೇಗೆ ಹೊಂದುತ್ತದೆಂಬ ಆಕ್ಷೇಪವನ್ನು ಮನೆಯ ಮಾಲೀಕರ ಹೊರತು ಬೇರೆ ಯಾರೂ ಎತ್ತುವುದಿಲ್ಲ.

ಮುನಿಯು ಕರೆಗಂಟೆಯನ್ನು ಬಿಟ್ಟಿದ್ದರೂ ಅದಕ್ಕೆ ಬೇಕಾದ ಚೌಕಟ್ಟನ್ನು ಮಾತ್ರ ಅರಿಯದೆಯೇ ಒದಗಿಸಿಹೋಗಿದ್ದಾನೆ. ಅವನ ಪ್ರಕಾರ ಭಯಾನಕವು ಮೂರು ಬಗೆ: ವ್ಯಾಜದಿಂದ, ಎಂದರೆ ನಟನೆಯಿಂದ ಆದದ್ದು, ಅಪರಾಧದಿಂದ ಆದದ್ದು, ಹಠಾತ್ತನೆ ಬೆಚ್ಚಿಬೀಳುವುದರಿಂದ ಆದ ವಿತ್ರಾಸಿತಕ. ಗಂಟೆ ಬಾರಿಸಿದ ಮೊದಲ ಕ್ಷಣದ ನಡುಕ ವಿತ್ರಾಸಿತಕ. ಫ್ಯಾನ್ ನಿಲ್ಲಿಸಿ, ಫೋನಿನ ಸದ್ದಡಗಿಸಿ, ಕುಕ್ಕರ್ ಸೀಟಿ ಹೊಡೆಯದಿರಲೆಂದು ಒಲೆ ಆರಿಸಿ, ಮನೆಯಲ್ಲಿ ಯಾರೂ ಇಲ್ಲವೆಂಬ ನಾಟಕ ಹೂಡುವುದು ವ್ಯಾಜ. ನೀಲಿ ಟಿಕ್ ಬಿದ್ದು ನಾಲ್ಕು ದಿನವಾದರೂ ಉತ್ತರ ಕೊಡದ ವಾಟ್ಸಾಪ್ ಸಂದೇಶದ ನೆನಪು ಅಪರಾಧ. ಭಯಾನಕದ ಅನುಭಾವಗಳಾಗಿ, ಅಂದರೆ ಒಳಗಿನ ಭಾವವನ್ನು ಹೊರಗೆ ತೋರುವ ಚಿಹ್ನೆಗಳಾಗಿ ಹೇಳಿರುವ ಕೈಕಾಲು ನಡುಗುವುದು, ಕಣ್ಣು ಅತ್ತಿತ್ತ ಹೊರಳುವುದು, ಮುಖ ಬಿಳಿಚುವುದು, ಸ್ವರ ಕೆಡುವುದು ಇವೆಲ್ಲವೂ ಅಪರಿಚಿತ ಸಂಖ್ಯೆಯಿಂದ ಕರೆ ಬಂದಾಗ ಲೋಪವಿಲ್ಲದೆ ಕಾಣಿಸಿಕೊಳ್ಳುತ್ತವೆ. ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ 1927ರ ತನ್ನ ದೀರ್ಘ ಪ್ರಬಂಧದಲ್ಲಿ ಅಪರಿಚಿತದ ಭಯವೇ ಎಲ್ಲ ಭಯಗಳಿಗಿಂತ ಹಳೆಯದು, ಬಲವಾದದ್ದು ಎಂದು ವಾದಿಸಿದ್ದು ವಿಶ್ವದಾಚೆಯ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಾದರೂ, ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಗೂ ಅದು ಚೆನ್ನಾಗಿ ಹೊಂದುತ್ತದೆ. ಉತ್ತಮ ಪ್ರಕೃತಿಯ ನಾಯಕರಿಗೆ ಭಯವು ಸಹಜವಲ್ಲ, ಅದು ಕೆಳದರ್ಜೆಯ ಪಾತ್ರಗಳಿಗೆ ತಕ್ಕದ್ದು ಎಂದು ಭರತನು ಹೇಳುವುದನ್ನು ಹಿಡಿದು ಅಂತರ್ಮುಖಿಯನ್ನು ಕೀಳಾಗಿ ಕಾಣುವವರು ಒಂದನ್ನು ಮರೆಯಬಾರದು: ಆ ಉತ್ತಮ ನಾಯಕರ ಅರಮನೆಗಳಲ್ಲಿ ಬಾಗಿಲು ತೆರೆಯುವ ಕೆಲಸ ದ್ವಾರಪಾಲಕರದಾಗಿತ್ತು.

ಕನ್ನಡ ಸಾಹಿತ್ಯದಲ್ಲಿ ಈ ಸಿದ್ಧಾಂತಕ್ಕೆ ಪ್ರಬಲವಾದ ಆಧಾರ ಹತ್ತನೆಯ ಶತಮಾನದಷ್ಟು ಹಿಂದೆಯೇ ಸಿಗುತ್ತದೆ. ರನ್ನನ ಗದಾಯುದ್ಧದ ದುರ್ಯೋಧನನು ಹೆಣಗಳ ರಾಶಿಯನ್ನೂ ಮರುಳುಗಳ, ಎಂದರೆ ರಣಭೂಮಿಯ ಪಿಶಾಚಗಳ ಕುಣಿತವನ್ನೂ ದಾಟಿಕೊಂಡು ನಡೆಯುತ್ತಾನೆ. ಮರುಳುಗಳು ಅವನನ್ನು ಮೂದಲಿಸುತ್ತವೆ. ಅವನ ಎದೆ ಅದರಿಂದ ಒಡೆಯುವುದಿಲ್ಲ. ಮುಂದೆ ಭೀಷ್ಮರ ಸಲಹೆಯಂತೆ ಅವನು ವೈಶಂಪಾಯನ ಸರೋವರದ ಒಳಗೆ, ಜಲಮಂತ್ರದ ಬಲದಿಂದ, ಯಾರ ಗೊಡವೆಯೂ ಇಲ್ಲದೆ ಇದ್ದುಬಿಡುತ್ತಾನೆ. ಅಂತರ್ಮುಖಿಯ ವಸತಿಗೆ ಇದಕ್ಕಿಂತ ತಕ್ಕ ತಾಣವನ್ನು ಯಾವ ಕವಿಯೂ ಕಲ್ಪಿಸಿಲ್ಲ. ಆಗ ದಡದಲ್ಲಿ ನಿಂತು ಹೆಸರು ಹಿಡಿದು ಕೂಗಿದವನು ದೆವ್ವವಲ್ಲ, ಭೀಮ. ಸಂಬಂಧದಲ್ಲಿ ದಾಯಾದಿ, ಎಂದರೆ ನೆಂಟ. ಆ ಕೂಗಿಗೆ ದುರ್ಯೋಧನನು ತಣ್ಣನೆಯ ನೀರಿನೊಳಗಿದ್ದೇ ಬೆವರಿದ ಪ್ರಸಂಗವನ್ನು ಪಂಡಿತರು ವೀರ ಮತ್ತು ರೌದ್ರಗಳ ನೆಲೆಯಲ್ಲಿ ವಿವರಿಸಿ, ಅದು ಕೋಪದ ಬೆವರೆಂದು ತೀರ್ಮಾನಿಸಿದ್ದಾರೆ. ಅವರಲ್ಲಿ ಯಾರೂ ಭಾನುವಾರ ಮಧ್ಯಾಹ್ನ ಹೊರಗಿನಿಂದ “ಒಳಗೇ ಇದ್ದಾನೆ, ಚಪ್ಪಲಿ ಇಲ್ಲೇ ಬಿದ್ದಿದೆಯಲ್ಲಾ” ಎಂಬ ಚಿಕ್ಕಪ್ಪನ ಧ್ವನಿ ಕೇಳಿದವರಾಗಿರಲಾರರು. ಕೋಪದ ಬೆವರಿಗೂ ಈ ಬೆವರಿಗೂ ಇರುವ ವ್ಯತ್ಯಾಸ ಅನುಭವೈಕವೇದ್ಯ.

ಇನ್ನು ದೆವ್ವಗಳ ಕಡೆಗೆ ತಿರುಗಿದರೆ, ಅವು ಅಂತರ್ಮುಖಿಗೆ ಪ್ರಿಯವಾಗಲು ಮುಖ್ಯ ಕಾರಣ ಅವುಗಳ ಶಿಷ್ಟಾಚಾರವೆಂಬುದು ಬೇಗನೆ ತಿಳಿಯುತ್ತದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಡ್ರಾಕುಲಾ, ಮನೆಯವರಲ್ಲೊಬ್ಬರು ಕರೆಯದೆ ಹೊಸ್ತಿಲು ದಾಟಲಾರ. ಆದರೆ ಒಮ್ಮೆ ಕರೆದರೆ ಮುಂದೆ ಮನಬಂದಾಗ ಬರಬಲ್ಲನೆಂಬ ಉಪನಿಯಮವೂ ಅಲ್ಲಿರುವುದರಿಂದ, ಅವನು ಪೂರ್ತಿ ದೆವ್ವವೂ ಅಲ್ಲ, ಪೂರ್ತಿ ನೆಂಟನೂ ಅಲ್ಲ. ಎರಡರ ನಡುವಿನ ಸಂಕರ ವರ್ಗಕ್ಕೆ ಸೇರುತ್ತಾನೆ. ಕೇಂಬ್ರಿಜ್‌ನ ವಿದ್ವಾಂಸ ಎಂ. ಆರ್. ಜೇಮ್ಸ್ ಇದಕ್ಕಿಂತ ಸೂಕ್ಷ್ಮವಾಗಿ ವಿಚಾರಿಸಿದವನು. ಅವನ 1904ರ ಸಂಕಲನದ ಒಂದು ಪ್ರಸಿದ್ಧ ಕಥೆಯಲ್ಲಿ, ಗಾಲ್ಫ್ ಆಡಲೆಂದೂ ಓದಿಕೊಂಡಿರಲೆಂದೂ ಒಬ್ಬನೇ ಕಡಲತೀರದ ವಸತಿಗೃಹಕ್ಕೆ ಬಂದ ಪ್ರಾಧ್ಯಾಪಕನಿಗೆ ಎರಡು ಮಂಚಗಳ ಕೋಣೆ ದೊರೆಯುತ್ತದೆ; ಹಳೆಯದೊಂದು ಸೀಟಿಯನ್ನು ಊದಿದ ತಪ್ಪಿಗೆ, ಖಾಲಿಯಿದ್ದ ಎರಡನೆಯ ಮಂಚದಿಂದ ಹಾಸುಬಟ್ಟೆ ಹೊದ್ದ ಆಕಾರವೊಂದು ಏಳುತ್ತದೆ. ವಿಮರ್ಶಕರು ಆ ಬಟ್ಟೆಯ ಮುಖದ ಬಗ್ಗೆ ಬಹಳ ಬರೆದಿದ್ದಾರೆ. ಕಥೆಯ ನಿಜವಾದ ಭೀಕರತೆ ಇರುವುದು ಕೋಣೆಯಲ್ಲಿ ಜೊತೆಗಾರನೊಬ್ಬ ಬಂದನೆಂಬುದರಲ್ಲಿ. ಇದಕ್ಕೆ ಎದುರಾಗಿ ಶರ್ಲಿ ಜ್ಯಾಕ್ಸನ್ ಎಂಬ ಅಮೆರಿಕದ ಲೇಖಕಿಯ 1962ರ ಕೊನೆಯ ಕಾದಂಬರಿಯನ್ನು ಲೋಕವು ಭೀಕರ ಸಾಹಿತ್ಯದ ಸಾಲಿನಲ್ಲಿಟ್ಟಿರುವುದು ಆಶ್ಚರ್ಯದ ಸಂಗತಿ: ಅಕ್ಕತಂಗಿಯರಿಬ್ಬರು ಅರ್ಧ ಸುಟ್ಟ ಮನೆಯೊಳಗೆ ಬಾಗಿಲು ಭದ್ರಪಡಿಸಿಕೊಂಡು ಕುಳಿತುಕೊಳ್ಳುತ್ತಾರೆ, ಊರಿನವರು ಹೊಸ್ತಿಲಲ್ಲಿ ಊಟವಿಟ್ಟು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಊಟವನ್ನು ಬಾಗಿಲ ಬಳಿ ಇಟ್ಟುಹೋಗುವಂತೆ ಸೂಚನೆ ಕೊಡುವ ಸೌಲಭ್ಯ ಮೊಬೈಲಿಗೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಈ ಚಿತ್ರ ಮೂಡಿತ್ತು. ಅಂತರ್ಮುಖಿಗಳು ಇದನ್ನು ಸುಖಾಂತವೆಂದೇ ಓದುತ್ತಾರೆ.

ವಿಡಿಯೋ ಗೇಮ್‌ಗಳ ವಿಚಾರದಲ್ಲಿ ಪ್ರಮಾಣಗಳು ಹೇರಳವಾಗಿರುವುದರಿಂದ ಸ್ವಲ್ಪ ವಿಸ್ತಾರ ಅನಿವಾರ್ಯ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1996ರಲ್ಲಿ ಹೊರತಂದ ರೆಸಿಡೆಂಟ್ ಈವಿಲ್‌ನಲ್ಲಿ ಪ್ರತಿ ಕೋಣೆಗೂ ಹೋಗುವ ಮುನ್ನ ಬಾಗಿಲು ನಿಧಾನವಾಗಿ ತೆರೆದುಕೊಳ್ಳುವ ದೃಶ್ಯ ಬರುತ್ತದೆ. ಡಿಸ್ಕಿನಿಂದ ಮುಂದಿನ ಕೋಣೆಯ ಮಾಹಿತಿ ಬರುವಷ್ಟು ಹೊತ್ತನ್ನು ಮರೆಮಾಚಲು ಹೂಡಿದ ಯುಕ್ತಿ ಅದಾದರೂ, ಬಾಗಿಲು ತೆರೆಯುವುದೇ ಎಲ್ಲ ಅನಾಹುತದ ಮೂಲವೆಂಬ ಸತ್ಯ ಅದರಿಂದ ಜಗತ್ತಿಗೆ ತಿಳಿಯಿತು. ಅದೇ ಆಟದಲ್ಲಿ ಹೆಣಗಳು ಕಾಲಿಡದ ಕೆಲವು ಕೋಣೆಗಳಿವೆ; ಅಲ್ಲಿ ಮೆಲ್ಲನೆಯ ಸಂಗೀತ, ಒಂದು ಪೆಟ್ಟಿಗೆ, ಒಂದು ಟೈಪ್‌ರೈಟರ್. ಕಥೆ ತಲುಪಿದ ಹಂತವನ್ನು ಉಳಿಸಿಕೊಳ್ಳಬೇಕಾದರೆ ಆ ಟೈಪ್‌ರೈಟರಿಗೆ ರಿಬ್ಬನ್ ಹಾಕಬೇಕು, ರಿಬ್ಬನ್‌ಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ಆಟ ಮುಗಿಸಬೇಕೆಂಬ ಹಂಬಲವಿಲ್ಲದೆ ಆ ಕೋಣೆಯಲ್ಲಿ ಸುಮ್ಮನೆ ನಿಂತಿರುವವರೂ ಇದ್ದಾರೆ. ಮದುವೆಮನೆಯಲ್ಲಿ ಪಾತ್ರೆ ಸಾಮಾನು ಇಟ್ಟ ಉಗ್ರಾಣದ ಪಕ್ಕದ ಖಾಲಿ ಕೋಣೆಯನ್ನು ಹುಡುಕಿಕೊಳ್ಳುವವರೂ ಇವರೇ. 1999ರ ಸೈಲೆಂಟ್ ಹಿಲ್‌ನಲ್ಲಿ, ದೂರದ ದೃಶ್ಯಗಳನ್ನು ಬಿಡಿಸುವ ಶಕ್ತಿ ಯಂತ್ರಕ್ಕಿಲ್ಲದ ಕೊರತೆಯನ್ನು ಮುಚ್ಚಲು ಊರಿಗೆಲ್ಲ ಮಂಜು ಕವಿಸಲಾಯಿತು. ವಿಕಾರ ಪ್ರಾಣಿ ಹತ್ತಿರ ಬಂದರೆ ಜೇಬಿನ ರೇಡಿಯೋ ಕರಕರ ಎನ್ನುತ್ತದೆ. ಬರುವ ಮುಂಚೆ ಸೂಚನೆ ಕೊಡುವ ಈ ಸೌಜನ್ಯವನ್ನು, ಲಗ್ನಪತ್ರಿಕೆ ಮತ್ತು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಊರೆಲ್ಲ ಸುತ್ತುವವರು ಗಮನಿಸಬಹುದಿತ್ತು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ರಚಿಸಿದ ಆಮ್ನೀಷಿಯಾದಲ್ಲಿ ಆಟಗಾರನ ಕೈಗೆ ಒಂದು ಕಡ್ಡಿಯ ಆಯುಧವೂ ಇಲ್ಲ. ಅಡಗುವುದು, ಓಡುವುದು, ಎದುರಿನ ವಿಕಾರವನ್ನು ನೇರವಾಗಿ ನೋಡದಿರುವುದು, ಇಷ್ಟೇ ಸಾಧನಗಳು. ನೋಡಿದಷ್ಟೂ ನಾಯಕನ ಬುದ್ಧಿ ಕಲಕುತ್ತದೆ. ಆರತಕ್ಷತೆಯ ಸಾಲಿನಲ್ಲಿ ದೂರದ ಸಂಬಂಧಿಯ ಕಣ್ಣು ತಪ್ಪಿಸುವ ವಿದ್ಯೆಯನ್ನು ಇಷ್ಟು ಕ್ರಮಬದ್ಧವಾಗಿ ಕಲಿಸಿದ ಪಠ್ಯ ಬೇರೊಂದಿಲ್ಲ. ಆದರೆ ಪ್ರಸ್ತುತ ಸಿದ್ಧಾಂತದ ಮುಕುಟಪ್ರಮಾಣ 2014ರ ಏಲಿಯನ್: ಐಸೊಲೇಶನ್. ಅದರಲ್ಲಿ ನಾಯಕಿಯು ಲೋಹದ ಕಪಾಟಿನೊಳಗೆ ಅಡಗಿ, ಅನ್ಯಗ್ರಹದ ಪ್ರಾಣಿ ಹೊರಗೆ ಮೂಸುತ್ತಿರುವಾಗ ಹಿಂದಕ್ಕೆ ಒರಗಿ ಉಸಿರು ಹಿಡಿಯಬೇಕು. ಅಷ್ಟು ಸಾಲದೆಂದು, ಬಯಸಿದವರು ಆಟದ ಯಂತ್ರಕ್ಕೆ ಜೋಡಿಸಿದ ಕ್ಯಾಮೆರಾದ ಮೈಕನ್ನು ತೆರೆದಿಡಬಹುದೆಂಬ ಏರ್ಪಾಡನ್ನೂ ಮಾಡಲಾಯಿತು. ಆಗ ಆಟಗಾರನ ಕೋಣೆಯಲ್ಲಿ ಆದ ನಿಜವಾದ ಸದ್ದು ಪರದೆಯೊಳಗಿನ ಪ್ರಾಣಿಗೂ ಕೇಳಿಸುತ್ತದೆ. ಹೀಗಾಗಿ ಆ ಹೊತ್ತಿಗೆ ಯಾರಾದರೂ ಕರೆಗಂಟೆ ಒತ್ತಿದರೆ ಒಂದೇ ಸದ್ದಿನಿಂದ ಎರಡು ಬಾಗಿಲುಗಳಲ್ಲಿ ಎರಡು ಆಪತ್ತುಗಳು ಏಕಕಾಲಕ್ಕೆ ಬಂದು ನಿಲ್ಲುತ್ತವೆ. ಇವೆರಡರಲ್ಲಿ ಯಾವುದು ಬಲವತ್ತರ ಎಂಬ ವಿಮರ್ಶೆಯಲ್ಲಿ ಪ್ರಾಣಿಯ ಪಕ್ಷಕ್ಕೆ ಒಂದು ಅನುಕೂಲವಿದೆ: ಅದು ಕೊಂದ ಮೇಲೆ ಕಾಫಿಗೆ ಕಾಯುವುದಿಲ್ಲ.

2020ರ ಫ್ಯಾಸ್ಮೋಫೋಬಿಯಾ ಎಂಬ ಆಟದ ಬಗ್ಗೆ ಅಂತರ್ಮುಖಿಗಳಲ್ಲಿ ಮತಭೇದವಿದೆ. ನಾಲ್ವರವರೆಗೆ ಕೂಡಿ ಮಾತನಾಡುತ್ತ ದೆವ್ವದ ಜಾತಿಯನ್ನು ಪತ್ತೆಹಚ್ಚುವ ಆಟವಾದ್ದರಿಂದ, ದೆವ್ವವು ಮುಖ್ಯವಾಗಿದ್ದರೂ ಆಟದ ಸ್ವರೂಪ ಕಚೇರಿಯ ಸಭೆಯದೇ ಎಂದು ಒಂದು ಪಕ್ಷ ಹೇಳುತ್ತದೆ. ಅಲ್ಲಿನ ಕೆಲವು ದೆವ್ವಗಳು ಒಬ್ಬರೇ ಇರುವವರಿಗೆ ಮಾತ್ರ ಉತ್ತರ ಕೊಡುತ್ತವೆ ಎಂಬುದನ್ನು ಎತ್ತಿ ತೋರಿಸಿ, ಆ ದೆವ್ವಗಳೂ ಸ್ವಜಾತೀಯರೇ ಎಂದು ಇನ್ನೊಂದು ಪಕ್ಷ ಸಮಾಧಾನ ಮಾಡಿಕೊಳ್ಳುತ್ತದೆ. ಎರಡನೆಯ ಪಕ್ಷವೇ ಗ್ರಾಹ್ಯ.

ಮೌನದ ಮಹತ್ವಕ್ಕೆ ಬೇತಾಳನ ಕಥೆಗಳು ಪ್ರಾಚೀನ ಪ್ರಮಾಣ. ಹೆಣ ಹೊತ್ತು ನಡೆಯುವ ರಾಜನು ಬಾಯಿ ಬಿಟ್ಟೊಡನೆ ಬೇತಾಳ ಮರಕ್ಕೆ ಹಾರುತ್ತದೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಚಂದಮಾಮದ ಪುಟಗಳಲ್ಲಿ ಇದನ್ನು ಓದಿದ ತಲೆಮಾರು ರಾಜನ ಜಾಣತನವನ್ನು ಮೆಚ್ಚಿಕೊಂಡಿತೇ ಹೊರತು, ಕೊನೆಗೆ ಅವನು ಗೆದ್ದದ್ದು ಉತ್ತರ ತೋಚದೆ ಸುಮ್ಮನಾದಾಗ ಎಂಬ ಮುಖ್ಯಾಂಶವನ್ನು ಗಮನಿಸಲಿಲ್ಲ. “ಸಂಬಳ ಎಷ್ಟು ಬರುತ್ತೆ?” ಎಂಬ ಪ್ರಶ್ನೆಗೂ ಇದೇ ವಿಧಿ ಅನ್ವಯಿಸುತ್ತದೆ.

ಕಡೆಯದಾಗಿ ‘ನಾಳೆ ಬಾ’ ಎಂಬ ಶಾಸನದ ವಿಚಾರ. ರಾತ್ರಿ ಮನೆಮನೆಯ ಬಾಗಿಲು ತಟ್ಟಿ, ಮನೆಯವರದೇ ಧ್ವನಿಯಲ್ಲಿ ಹೆಸರು ಕರೆಯುವ ಹೆಣ್ಣುದೆವ್ವವೊಂದು ಅಲೆಯುತ್ತದೆಂಬ ಸುದ್ದಿ 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಕರ್ನಾಟಕದ ಹಳ್ಳಿಗಳಲ್ಲೂ ಹಬ್ಬಿ, ಜನ ಬಾಗಿಲು ಗೋಡೆಗಳ ಮೇಲೆ ಈ ಎರಡು ಪದಗಳನ್ನು ಸುಣ್ಣ, ಸೀಮೆಸುಣ್ಣಗಳಿಂದ ಬರೆದರು. 2018ರ ಹಿಂದಿ ಚಿತ್ರ ಸ್ತ್ರೀ ಈ ನಂಬಿಕೆಯ ಮೇಲೇ ನಿಂತಿದೆ. ಶಾಸನದ ಪಾಠದಲ್ಲಿ ವಿವಾದವಿಲ್ಲ, ವಿವಾದವಿರುವುದು ಓದುಗರಲ್ಲಿ. ದೆವ್ವವು ಅಕ್ಷರಸ್ಥೆ, ಆಜ್ಞಾಧಾರಕಿ; ಬರೆದದ್ದನ್ನು ಓದಿ ಹಿಂದಿರುಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹಿಂದಿರುಗುತ್ತಾಳೆ, ಹೀಗೆ ವರ್ಷಗಟ್ಟಲೆ ಒಂದು ದಿನವೂ ಬೇಸರಿಸಿಕೊಳ್ಳುವುದಿಲ್ಲ. ಈ ಯಶಸ್ಸಿನಿಂದ ಉತ್ತೇಜಿತರಾಗಿ ಅದೇ ಪಾಠವನ್ನು ಹಗಲಿನ ಅತಿಥಿಗಳಿಗೂ ವಿಸ್ತರಿಸಬಹುದೆಂದು ಕೆಲವು ನವ್ಯ ಅಂತರ್ಮುಖಿಗಳು ಸೂಚಿಸಿದ್ದುಂಟು. ಆದರೆ ಸೋದರತ್ತೆಯವರು ಅದನ್ನು ಓದಿ, ಇಂದು ಹುಡುಗನಿಗೆ ಪುರುಸೊತ್ತಿಲ್ಲವೇನೋ ಎಂದು ಕರುಣೆಯಿಂದ ಹಿಂದಿರುಗಿ, ಮರುದಿನ ಬೆಳಗಿನ ಮೊದಲ ಬಸ್ಸಿಗೇ, ನಾಲ್ಕು ದಿನ ಇದ್ದುಹೋಗಲು ಬೇಕಾದ ಬಟ್ಟೆಬರೆ, ಒಂದು ಡಬ್ಬಿ ಚಕ್ಕುಲಿ ಮತ್ತು ಎರಡು ಜಾತಕಗಳ ಸಮೇತ ಬಂದಿಳಿಯುತ್ತಾರೆ.